ಅಡ್ಡಿಲ್ಲೆ ಅಂದದ್ದು ಯಾರಿಗೆ?

ಎರಡೂ ಕೈ ಮೊಣಕೈ ಮೀರಿ ಗ್ಲವ್ ಬಾಕ್ಸಿನ ಕಪ್ಪು ರಬ್ಬರಿನೊಳಗೆ ಸಿಕ್ಕಿಬಿದ್ದಿರುವಾಗಲೇ ನನ್ನ ಫೋನು ಹೊಡೆದುಕೊಳ್ಳಬೇಕೆ? ಗಾಜಿನ ಆಚೆ, ಗಾಳಿ ನುಸುಳದ ಪೆಟ್ಟಿಗೆಯಲ್ಲಿ, ಆಗಷ್ಟೇ ತಟ್ಟೆಯಿಂದ ಪಾಲಿಮರ್ ಫಿಲ್ಮ್ ಬಿಡಿಸಲು ಶುರು ಮಾಡಿದ್ದೆ. ಕೈಬಿಟ್ಟರೆ ಅದು ನೀರುದೋಸೆಯ ಹಾಗೆ ಮುದುಡಿ ತನಗೆ ತಾನೇ ಅಂಟಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯೊಳಗೆ ಬೆಂಕಿ ಹಿಡಿಯುವ ದ್ರವದ ಜಾಗದಲ್ಲಿ ಈ ಫಿಲ್ಮ್ ಕೂರಬೇಕು, ನಾಲ್ಕೂವರೆ ವೋಲ್ಟು ತಾಳಬೇಕು. ಹಿಂದಿನವೆಲ್ಲ ನಾಲ್ಕು ದಾಟುವ ಮೊದಲೇ ಕೆಟ್ಟಿದ್ದವು.

"ನಿನ್ ಅಮ್ಮ," ಎಂದ ಸುಜಯ್, ಫೋನು ನೋಡಿ. "ಎತ್ತುದಾ?"

"ಬ್ಯಾಡ."

"ಆಗಳಿಂದ ಮಾಡ್ತಿದ್ರ್ ಮರಾಯ್ತಿ."

ಎತ್ತಿ, ಸ್ಪೀಕರ್ ಒತ್ತಿ, ನನ್ನ ಕೆನ್ನೆಯ ಹತ್ತಿರ ಹಿಡಿದ. ಅವನ ಬೆರಳು ನನ್ನ ಕೂದಲಿಗೆ ತಾಗಿತು. ಬ್ರಹ್ಮಾವರದ ಈ ಲ್ಯಾಬಿಗೆ ಸೇರಿದ ಮೇಲೆ ಅವನು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಕೋಟದ ಅರ್ಚಕರ ಮಗ. ಕಣ್ಣಲ್ಲೇ ಎಲ್ಲ ಹೇಳುತ್ತಾನೆ, ಬಾಯಲ್ಲಿ ಬರೀ ವೋಲ್ಟೇಜು. ನನಗೆ ಅವನ ಮೇಲೆ ಜೀವ, ಅದಕ್ಕಿಂತ ಹೆಚ್ಚು ಸಿಟ್ಟು.

"ಮೋಕ್ಷಿ, ಸಂಬಂಧ ತಂದ ಚಂದಯ್ಯ ಮಾವ ಬಂದ್ ಕೂಕಂಡಿದ್ರ್." ಮೀನು ಮಾರಿ ಪಳಗಿದ ಅಮ್ಮನ ಗಂಟಲು ಲ್ಯಾಬೆಲ್ಲ ತುಂಬಿತು. "ಗಂಗೊಳ್ಳಿ ಬೋಟಿನೋರಿಗೆ ಇವತ್ತೇ ಉತ್ತರ ಹೇಳ್ಕ್ ಅಂಬ್ರ್. ಫೋಟೊ ಕಂಡ್ಯಲೆ, ಹುಡ್ಗ ಹ್ಯಾಂಗೆ?"

ಕೈ ಎಳೆದುಕೊಳ್ಳುವ ಹಾಗಿಲ್ಲ, ಓಡುವ ಹಾಗಿಲ್ಲ. ಇವನ ಎದುರು ಬಾಯಿ ಬಿಡುವ ಹಾಗೂ ಇಲ್ಲ. ಸುಜಯ್‌ನ ಮುಖ ಬಿಳುಚಿತ್ತು. ಏನಾದರೂ ಹೇಳಬೇಕಲ್ಲ ಎಂದೋ ಏನೋ, ಗಾಜಿನತ್ತ ಬಗ್ಗಿ ಪಿಸುಗುಟ್ಟಿದ.

"ಫಿಲ್ಮ್ ಹ್ಯಾಂಗಿತ್ತ್?"

"ಅಡ್ಡಿಲ್ಲೆ," ಎಂದೆ.

ನಮ್ಮೂರಲ್ಲಿ ಚೆನ್ನಾಗಿದೆ ಎನ್ನಲಿಕ್ಕೂ ಅಡ್ಡಿಲ್ಲೆ, ಒಪ್ಪಿಗೆ ಎನ್ನಲಿಕ್ಕೂ ಅಡ್ಡಿಲ್ಲೆ.

"ಅಷ್ಟ್ ಸಾಕ್ ಮಗಾ. ಚಂದಯ್ಯಣ್ಣ, ಹೆಣ್ಣ್ ಅಡ್ಡಿಲ್ಲೆ ಅಂತ್ ಕಾಣಿ..."

ಅಷ್ಟರಲ್ಲಿ ಚಾರ್ಜು ಮುಗಿದು ಫೋನು ಸತ್ತಿತು. ಅದೂ ಬ್ಯಾಟರಿ ಲ್ಯಾಬಿನಲ್ಲಿ.

"ಸಂಬಂಧ ಕೂಡ್ತಲೆ, ಒಳ್ಳೇದಾಯ್ತ್," ಎಂದ ಸುಜಯ್, ನೆಲ ನೋಡುತ್ತ.

"ಎಂತ ಒಳ್ಳೇದ್? ನಾ ಹೇಳಿದ್ದ್ ಫಿಲ್ಮಿಗೆ. ನಿನ್ ಫೋನಲ್ಲ್ ಮಾಡ್, ಚಂದಯ್ಯ ಮಾವ ಹೊರಡುಕ್ ಮುಂಚೆ."

"ಮಾಡಿ ನಾ ಎಂತ ಹೇಳುದ್?"

"ಅದ್ನ ನೀನೇ ಕಾಣ್. ನನ್ ಕೈ ಖಾಲಿ ಇಲ್ಲೆ."

ನಂಬರ್ ಹೇಳಿದೆ. ಒತ್ತಿ, ಮತ್ತೆ ಸ್ಪೀಕರ್ ಹಾಕಿದ.

"ಅಮ್ಮ, ನಾನ್ ಸುಜಯ್. ಮೋಕ್ಷಿತಾನ ಲ್ಯಾಬಿನವ. ಆಗ ಅಡ್ಡಿಲ್ಲೆ ಅಂದದ್ದ್ ಬೋಟಿನೋರಿಗಲ್ಲ. ನಂಗೆ."

ಫಿಲ್ಮಿಗೆ ಎಂದಿದ್ದರೂ ಸಾಕಿತ್ತು. ಅವನು ನಂಗೆ ಎಂದ. ನನ್ನ ಎದೆ ಗ್ಲವ್ ಬಾಕ್ಸಿನ ಗಾಜಿಗೇ ಬಡಿಯುತ್ತಿದೆ ಅನ್ನಿಸಿತು.

ಅಮ್ಮ ನೇರ ವಿಚಾರಣೆಗೇ ಇಳಿದರು.

"ಯಾವೂರ್ ನಿಂದ್?"

"ಕೋಟ. ಅಪ್ಪ ದೇವಸ್ಥಾನದಲ್ಲ್ ಪೂಜೆ ಮಾಡುದ್."

"ಮೀನ್ ತಿಂತ್ಯಾ?"

"ಇಲ್ಲೆ."

"ಮೀನ್ ಬುಟ್ಟಿ ಇಪ್ಪ ಮನೆಗೆ ಬತ್ಯಾ?"

"ಬತ್ತೆ."

"ನಿಮ್ಮನೆಯೋರ್ ಬಿಡ್ತ್ರಾ?"

ಅವನು ಕಣ್ಣು ಮುಚ್ಚಿಕೊಂಡ. "ಗೊತ್ತಿಲ್ಲೆ ಅಮ್ಮ. ಇವತ್ತೇ ಹೇಳ್ತೆ."

ಅಮ್ಮ ನಿಟ್ಟುಸಿರು ಬಿಟ್ಟರು. ಹಿಂದಿನಿಂದ ಚಂದಯ್ಯ ಮಾವ ಕೆಮ್ಮುವುದು ಕೇಳಿಸಿತು.

"ಮೋಕ್ಷಿಗ್ ಕೊಡ್. ಮಗಾ, ಈ ಸಲ ಸರಿ ಕೇಂಡ್ಕೊ. ಹುಡ್ಗ ಹ್ಯಾಂಗೆ?"

ಅವನು ಫೋನು ಮತ್ತೆ ನನ್ನ ಕೆನ್ನೆಯ ಹತ್ತಿರ ತಂದ. ಫಿಲ್ಮ್ ಎಲ್ಲೂ ಹರಿಯದೆ ಪೂರ್ತಿ ಬಿಟ್ಟುಬಂದಿತ್ತು. ಅದನ್ನು ಮೆಲ್ಲಗೆ ಕೆಳಗಿಟ್ಟೆ. ಈಗ ಕೈ ಹೊರಗೆ ತೆಗೆಯಬಹುದಿತ್ತು. ತೆಗೆದರೆ ಫೋನು ನನ್ನ ಕೈಗೆ ಕೊಟ್ಟು ಅವನು ದೂರ ಸರಿದಾನು. ಹಾಗಾಗಿ ತೆಗೆಯಲಿಲ್ಲ.

"ಅಡ್ಡಿಲ್ಲೆ ಅಮ್ಮ," ಎಂದೆ, ಅವನನ್ನೇ ನೋಡುತ್ತ.