2:12ರ ಕರೆ

2025ರ ಮಾರ್ಚ್ 24, ಸೋಮವಾರ. ಬೆಳಿಗ್ಗೆ 8:40ಕ್ಕೆ ವಿಲ್ಫ್ರಿದಾ ಬಾಯೆಸ್ ವಿಯಾರಿಕಾ ಪಟ್ಟಣದ ಪೊಲೀಸ್ ಠಾಣೆಗೆ ಬಂದು ದೂರು ಬರೆಸಿದರು. ಭಾನುವಾರ ಮಧ್ಯಾಹ್ನ ಗಂಡನಿಗೆ ಎದೆನೋವು ಬಂದಾಗ 2:12ಕ್ಕೆ ಖಾಸಗಿ ಆಂಬುಲೆನ್ಸ್ ಕೇಂದ್ರಕ್ಕೆ ಫೋನ್ ಮಾಡಿದ್ದರು. ವಿಳಾಸ ಹೇಳಿ ಮುಗಿಸುತ್ತಲೇ ಮೊಬೈಲ್ ಚಾರ್ಜ್ ಖಾಲಿಯಾಯಿತು. ಗಾಡಿಯ ಸುಳಿವಿಲ್ಲ. ಕಾದು ಕಾದು ಪಕ್ಕದ ಮನೆಯಿಂದ ಮತ್ತೆ ಮಾಡಿದರು. ಗಾಡಿ ಬರುವಷ್ಟರಲ್ಲಿ ಗಂಡನ ಜೀವ ಹೋಗಿತ್ತು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಲಿಯೊಕಾದಿಯಾ ಫ್ರೇತೆಸ್, ಕಾನ್‌ಸ್ಟೇಬಲ್ ಓವೆಲಾರ್ ಕೇಂದ್ರಕ್ಕೆ ಹೋದರು. ಕಂಪ್ಯೂಟರಿನಲ್ಲಿ ಆ ವಿಳಾಸಕ್ಕೆ ಗಾಡಿ ಕೇಳಿ ಬಂದದ್ದು ಒಂದೇ ಕರೆ, 3:12ರದ್ದು.

ಕರೆ ಸ್ವೀಕರಿಸುವ ಅನಸ್ತಾಸಿಯೊ ರೊತೇಲಾ ತಣ್ಣನೆಯ ಎಲೆ-ಚಹಾ ತೆರೆರೆ ಹೀರುತ್ತಾ ವಿವರಿಸಿದ. ಚಳಿಗಾಲಕ್ಕೆಂದು ಪ್ರತಿ ಮಾರ್ಚಿನಲ್ಲಿ ದೇಶದ ಗಡಿಯಾರಗಳನ್ನೆಲ್ಲ ಒಂದು ತಾಸು ಹಿಂದಿಡುವುದನ್ನು ಸರ್ಕಾರ ಈ ವರ್ಷದಿಂದ ಬಿಟ್ಟಿದೆ. ಆದರೂ ಹಳೆಯ ಯಂತ್ರಗಳು ಭಾನುವಾರ ತಾವಾಗಿಯೇ ಒಂದು ತಾಸು ಹಿಂದೆ ಹೋಗಿವೆ.

"ನಮ್ ಕಂಪ್ಯೂಟರೂ ಹಿಂದೆ ಹೋಗಿತ್ತು, ಬೆಳಿಗ್ಗೆನೇ ಸರಿ ಮಾಡ್ದೆ. ಆಯಮ್ಮನ ಫೋನೂ ಹಂಗೇ ಮೇಡಂ. ಅದ್ರಲ್ಲಿ 2:12 ಅಂದ್ರೆ ನಿಜವಾಗ್ಲೂ 3:12. ಚಾರ್ಜ್ ಹೋಗಿ ಅದು ಕಟ್ಟಾಗಿರ್ಬೇಕು, ಕೂಡ್ಲೇ ಪಕ್ಕದ್ಮನೆಯಿಂದ ಮಾಡಿದ್ದೇ ನಮಗೆ ಸಿಕ್ಕಿದ್ದು."

ಇಬ್ಬರು ಸಾಕ್ಷಿಗಳ ಮುಂದೆ ಪಂಚನಾಮೆ ಮಾಡಿ ಕಂಪ್ಯೂಟರನ್ನು ವಶಕ್ಕೆ ಪಡೆದರು. ಫೋನ್ ಕಂಪನಿಗೂ ಪತ್ರ ಹೋಯಿತು.

ಬುಧವಾರ ವಿಲ್ಫ್ರಿದಾ ಮತ್ತೆ ಬಂದರು, ದೂರು ವಾಪಸ್ ಪಡೆಯಲು. ಗಡಿಯಾರದ ಮಾತು ಅವರ ಕಿವಿಗೂ ಬಿದ್ದಿತ್ತು.

"ತಡ ಮಾಡಿದ್ದು ನಾನೇ ಅಂತ ಕಾಣುತ್ತೆ. ಗಾಬರಿಯಲ್ಲಿ ಒಂದು ತಾಸು ಸುಮ್ನೆ ಕೂತಿದ್ದೆನೋ ಏನೋ. ನಾನೇ ಅವ್ರನ್ನ ಸಾಯಿಸ್ದೆ."

ಒಂದು ದಿನ ತಡೆಯಿರಿ ಎಂದು ಫ್ರೇತೆಸ್ ಅವರನ್ನು ಕಳಿಸಿದರು.

ಅಂದೇ 11:20ಕ್ಕೆ ಫೋನ್ ಕಂಪನಿಯ ಉತ್ತರ ಬಂತು. ಕರೆಗಳು ಎರಡು: 2:12ಕ್ಕೆ ವಿಲ್ಫ್ರಿದಾರ ಮೊಬೈಲಿನಿಂದ, 3:12ಕ್ಕೆ ಪಕ್ಕದ ಮನೆಯಿಂದ. ಓವೆಲಾರ್ ಕಂಪ್ಯೂಟರಿನ ಒಳದಾಖಲೆ ತೆಗೆದ. ಗಡಿಯಾರ ಸರಿಯಾದದ್ದು ಭಾನುವಾರ ಬೆಳಿಗ್ಗೆ ಅಲ್ಲ, ಮಧ್ಯಾಹ್ನ 2:14ಕ್ಕೆ. 3:20ಕ್ಕೆ ಒಂದು ಕರೆಯ ದಾಖಲೆ ಅಳಿಸಲಾಗಿತ್ತು. ಎರಡೂ ರೊತೇಲಾನ ಹೆಸರಿನಲ್ಲಿ.

ಠಾಣೆಯಲ್ಲಿ ರೊತೇಲಾ ಎಲ್ಲಕ್ಕೂ ನೆನಪಿಲ್ಲ ಎಂದ.

"ವಿಲ್ಫ್ರಿದಾ ಬಂದಿದ್ರು," ಎಂದರು ಫ್ರೇತೆಸ್. "ತಪ್ಪು ನಂದೇ, ದೂರು ಬೇಡ ಅಂದ್ರು."

ಅವನು ಅವರತ್ತ ತಿರುಗಿದ. "ಅವ್ರೂ ನಂಬಿಬಿಟ್ರಾ?"

ಆಮೇಲೆ ತಾನಾಗಿಯೇ ಹೇಳಿದ. ಕಂಪ್ಯೂಟರಿನ ಹೊತ್ತು ತಪ್ಪಿದೆ ಎಂದು ಭಾನುವಾರ ಬೆಳಿಗ್ಗೆ ಮೇಲಿನವರು ಬೈದಿದ್ದರು. ಕರೆ ಬಂದಾಗ ಅವನು ಗಡಿಯಾರ ಸರಿಪಡಿಸುತ್ತಿದ್ದ. ವಿಳಾಸ ಟೈಪ್ ಮಾಡಿದ. ಎರಡೇ ನಿಮಿಷ, ಇದನ್ನು ಮುಗಿಸಿ ಗಾಡಿ ಕಳಿಸೋಣ ಎಂದುಕೊಂಡ. ಕಂಪ್ಯೂಟರ್ ಆರಿ ಮತ್ತೆ ಹೊತ್ತಿಕೊಂಡಾಗ ಪರದೆಯಲ್ಲಿ ಏನೂ ಇರಲಿಲ್ಲ, ಅವನ ತಲೆಯಲ್ಲೂ. ಎರಡನೇ ಕರೆಯಲ್ಲಿ ಅದೇ ದನಿ ಕೇಳಿದಾಗಲೇ ನೆನಪಾದದ್ದು.

ಸಂಜೆ 4:35ಕ್ಕೆ ಬಂಧನವಾಯಿತು. ನಿವೃತ್ತಿಗೆ ಎರಡು ವರ್ಷ ಇರುವಾಗ ಕೆಲಸ ಹೋಗುವ ಭಯದಿಂದ ದಾಖಲೆ ಅಳಿಸಿದ್ದಾಗಿ ಹೇಳಿಕೆಯಲ್ಲಿದೆ. ಮರೆತದ್ದಕ್ಕಿಂತ, ಆ ಹೆಂಗಸಿನ ಫೋನಿನ ಮೇಲೆ ಹೊಣೆ ಹಾಕಿದ್ದೇ ದೊಡ್ಡ ತಪ್ಪು ಎಂದು ಅವನೇ ಕೊನೆಯಲ್ಲಿ ಸೇರಿಸಿದ.

ಫ್ರೇತೆಸ್ ಆ ಸಂಜೆಯೇ ವಿಲ್ಫ್ರಿದಾರ ಮನೆಗೆ ಹೋಗಿ, ಅವರು ಸರಿಯಾದ ಹೊತ್ತಿಗೇ ಫೋನ್ ಮಾಡಿದ್ದರೆಂದು ತಿಳಿಸಿದರು. ವಿಲ್ಫ್ರಿದಾ ಅಳಲಿಲ್ಲ.

"ಅದನ್ನ ಒಂದು ಕಾಗದದಲ್ಲಿ ಬರೆದು, ಠಾಣೆ ಮೊಹರು ಹಾಕಿ ಕೊಡ್ತೀರಾ?" ಎಂದು ಕೇಳಿದರು.