ಹೆಸರು ಹಿಡಿದು ಕೂಗಿದವಳು

"ಏನೂಂದ್ರೆ... ಬಂದ್ರಾ?"

ಮಾಕಳಿದುರ್ಗದ ಸ್ಟೇಷನ್ನಿನಲ್ಲಿ ರೈಲಿಳಿದ ಗಂಡನ ಬೆನ್ನ ಹಿಂದೆ ನಿಂತು ಅಂಜಿನಮ್ಮ ಮೆಲ್ಲಗೆ ಕೇಳಿದಳು. ಮದುವೆಯಾದ ವರ್ಷವೇ ನೌಕಾಪಡೆ ಸೇರಿ ಯುದ್ಧಕ್ಕೆ ಹೋದ ಬೈಲಪ್ಪ, ಯುದ್ಧ ಮುಗಿದ ಮರುವರ್ಷ ಊರಿಗೆ ಮರಳಿದ್ದ.

ಅವನು ತಿರುಗಲಿಲ್ಲ. ಟ್ರಂಕು ಹೊತ್ತು ನಡೆದೇಬಿಟ್ಟ! ಸ್ವಲ್ಪ ದೂರ ಹೋಗಿ ತಿರುಗಿ ನೋಡಿ, ಸುಮ್ಮನೆ ತಲೆಯಾಡಿಸಿದ. ಅಷ್ಟೇ.

ನಾನು ಬೇಡವಾದೆನೇ...?

ಮನೆಯಲ್ಲೂ ಹಾಗೆಯೇ. ಬಾಗಿಲ ಮರೆಯಿಂದ "ಮುದ್ದೆ ಆಗೈತೆ" ಎಂದರೆ ಗೋಡೆ ನೋಡುತ್ತಾ ಕೂತಿರುವನು. ತಟ್ಟೆ ಮುಂದಿಟ್ಟರೆ ಉಣ್ಣುವನು. ದಣಿದ ಕಣ್ಣುಗಳು. ಅತ್ತೆ ಸತ್ತ ಮೇಲೂ ಈ ಮನೆಗೆ ದೀಪ ಹಚ್ಚಿಕೊಂಡು ಕಾದವಳು, ಈಗ ಅವನೆದುರೇ ಒಂಟಿಯಾದಳು.

ಸುದ್ದಿ ಕೇಳಿ ದೊಡ್ಡಬಳ್ಳಾಪುರದಿಂದ ಅವಳ ಅಣ್ಣ ಗೋಪಾಲಪ್ಪ ಗಾಡಿ ಕಟ್ಟಿಕೊಂಡು ಬಂದ.

"ಹಡಗು ಹತ್ತಿ ದೊರೆ ಆಗ್ಬಿಟ್ಟವ್ನೆ! ಮಾತೇ ಆಡ್ದಿರೋನ ಹತ್ರ ಏನ್ ಬಾಳ್ತೀಯಾ? ನಡಿಯೇ, ಗಾಡಿ ಹತ್ತು."

ಬೈಲಪ್ಪ ಹಿತ್ತಲಲ್ಲಿ ಅತ್ತ ಮುಖ ಮಾಡಿ ಹಗ್ಗ ಹೊಸೆಯುತ್ತಿದ್ದ.

"ಏನೂಂದ್ರೆ... ಹೋಗ್ತಿದೀನಿ. ಬ್ಯಾಡ ಅನ್ನಿ... ಒಂದೇ ಒಂದು ಮಾತು."

ಅವನು ಇನ್ನೊಂದು ಎಳೆ ಸೇರಿಸಿ ಹೊಸೆದ.

ಕಣ್ಣು ಮಂಜಾಯಿತು. ಕಾಲು ತಾಗಿ ತಾಮ್ರದ ಬಿಂದಿಗೆ ಕಲ್ಲಿನ ಮೇಲೆ ಉರುಳಿತು. ಢಣ್! ಕೊಟ್ಟಿಗೆಯ ಎಮ್ಮೆ ಬೆಚ್ಚಿತು. ಗೋಪಾಲಪ್ಪ ಓಡಿಬಂದ.

ಬೈಲಪ್ಪನ ಕೈ ಮಾತ್ರ ನಿಲ್ಲಲೇ ಇಲ್ಲ.

ಅಯ್ಯೋ...!

ಅವಳು ಸುತ್ತಿ ಬಂದು ಅವನ ಎದುರಿಗೇ ಕೂತಳು. ಬಾಯಿಗೆ ಹಿಡಿದಿದ್ದ ಸೆರಗು ತೆಗೆದಳು.

"ಕಿವಿ... ಕೇಳ್ಸಲ್ವಾ?"

ಅವಳ ತುಟಿಯನ್ನೇ ನೋಡಿ ಅವನು ತಲೆ ತಗ್ಗಿಸಿದ.

"ಹಡಗಿನ ಫಿರಂಗಿ ಪಕ್ಕಾನೇ ನಿಲ್ತಿದ್ದೆ. ಬಲಗಿವಿ ಸತ್ತೋಯ್ತು. ಎಡಗಡೆ, ಜೋರಾಗಿ ಕೂಗಿದ್ರೆ ಒಸಿ..."

"ಹೇಳ್ಬಾರ್ದಿತ್ತಾ?"

"ಕಿವುಡ ಅಂತ ಗೊತ್ತಾದ್ರೆ ನಿಮ್ಮಣ್ಣ ಕರ್ಕೊಂಡ್ ಹೋಗ್ತಾನೆ ಅಂತ ಹೆದ್ರಿದ್ದೆ. ಸಾಕಾಗೋಗೈತೆ ಅಂಜಿನಿ... ನೀನೂ ಹೋದ್ರೆ ಯಾರಿದಾರೆ ನಂಗೆ?"

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕರಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಯುದ್ಧವೇ ಕೊಲ್ಲದವನನ್ನು ನನ್ನ ಬಾಯಿ ಕೊಲ್ಲುತ್ತದೆಯೇ?

ಎಡಗಿವಿಯ ಬಳಿ ಬಾಗಿದಳು. ಉಸಿರೆಲ್ಲ ಕೂಡಿಸಿ ಕೂಗಿದಳು.

"ಬೈಲಪ್ಪಾ...! ನಾನು ಎಲ್ಲಿಗೂ ಹೋಗಲ್ಲಾ!"

"ಲೇ, ಗಂಡನ ಹೆಸ್ರು ಹಿಡ್ದು ಕೂಗ್ತೀಯಲ್ಲೇ! ಬೀದಿಗೆಲ್ಲ ಕೇಳ್ಸೈತೆ!" ಗೋಪಾಲಪ್ಪ ಬೆಪ್ಪಾಗಿ ನಿಂತ.

ಬೈಲಪ್ಪನ ಕೈಯಿಂದ ಹಗ್ಗ ಜಾರಿತು.

"ಏನಂದೆ? ಇನ್ನೊಂದ್ಸಲ ಹೇಳು."

"ಕೇಳಿಸ್ಲಿಲ್ವಾ?"

"ಕೇಳಿಸ್ತು ಕಣೇ... ಅದಕ್ಕೇ."