ಸದ್ದು ಮಾಡದ ಡಿಸ್ಕ್

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ರೆಕಾರ್ಡಿಂಗ್ ಸ್ಟುಡಿಯೋದ ಯಜಮಾನಿ ಠಾಣೆಗೆ ಬಂದು ದೂರು ಕೊಟ್ಟರು: ವಾರ್ತೆ ಓದುವಾಕೆಯ ದನಿ ಕಾಣೆಯಾಗಿದೆ. ರೈಟರ್ ಪೆನ್ನು ಹಿಡಿದವನು ಹಾಗೇ ಕೂತ. ಇದನ್ನು ಕಳುವಿಗೆ ಸೇರಿಸುವುದೋ ಕಾಣೆಯಾದವರಿಗೋ ಅವನಿಗೆ ತಿಳಿಯಲಿಲ್ಲ.

ವಾರ್ತೆ ಓದುವಾಕೆಗೆ ಗಂಟಲಲ್ಲಿ ಗಡ್ಡೆ. ಸೋಮವಾರದ ಶಸ್ತ್ರಚಿಕಿತ್ಸೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಮುಂದೆ ಯಂತ್ರವೊಂದು ಅವಳ ದನಿಯಲ್ಲೇ ಮಾತಾಡಲೆಂದು ಭಾನುವಾರವಿಡೀ ಮೈಕಿನ ಮುಂದೆ ಕೂತು ಓದಿದ್ದಳು. ಅದಷ್ಟೂ ಈಗಿಲ್ಲ. ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಒಬ್ಬಳನ್ನು ಕರೆದುಕೊಂಡು ಸ್ಟುಡಿಯೋಗೆ ಹೋದರು. ಗೋಡೆಗೆಲ್ಲ ಮೆತ್ತೆ, ಒಳಗೆ ಬೂಟಿನ ಸದ್ದೂ ನಿದ್ದೆಗೆ ಜಾರಿದಂತಿತ್ತು. ಅಲ್ಲಿ ರೆಕಾರ್ಡಿಂಗ್ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ವಾರ್ತೆ ಓದುವಾಕೆಯ ತಮ್ಮನೇ. ಡಿಸ್ಕ್ ತಿರುಗುವ ಗುಂಯ್ ಎಂಬ ಸದ್ದು ಮೈಕಿಗೆ ಬೀಳಬಾರದೆಂದು ಅವನು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಂ ಒಂದನ್ನು ಬರೆದಿದ್ದ. ಅದರಿಂದ ಯುನಿಕ್ಸ್ ಜಾತಿಯ ಆ ಯಂತ್ರ ತನ್ನ ಮೆಮೊರಿಯ ಒಂದು ಪಾಲನ್ನೇ ಡಿಸ್ಕ್ ಎಂದು ನಂಬುತ್ತಿತ್ತು. ಯಜಮಾನಿ ಒಮ್ಮೆ ಕೇಳಿ ಒಪ್ಪಿದ ಮೇಲಷ್ಟೇ ನಿಜವಾದ ಡಿಸ್ಕಿಗೆ ಇಳಿಸುವುದು ಅಲ್ಲಿಯ ವಾಡಿಕೆ; ಭಾನುವಾರದ ಓದನ್ನು ಅವರಿನ್ನೂ ಕೇಳಿರಲಿಲ್ಲ. ಅಷ್ಟರೊಳಗೆ ಕರೆಂಟ್ ಹೋದರೆ, ಎಚ್ಚರವಾದ ಮೇಲಿನ ಕನಸಿನಂತೆ ಏನೂ ಉಳಿಯದು.

"ಕರೆಂಟ್ ಹೋಗಿತ್ತಾ?"

"ಹೋಗಿರಬೇಕು ಸಾರ್."

ಆದರೆ ಕರೆಂಟ್ ಹೋದಾಗ ಯಂತ್ರವನ್ನು ನಡೆಸುವ ಬ್ಯಾಟರಿ ತುಂಬಿತ್ತು. ಧೂಳು ಹಿಡಿದ ವೈರುಗಳ ನಡುವೆ ಯಂತ್ರದ ಪ್ಲಗ್ಗಿನ ಮೇಲೆ ಮಾತ್ರ ಬೆರಳ ಗುರುತಿರುವುದನ್ನು ಹೆಡ್ ಕಾನ್‌ಸ್ಟೆಬಲ್ ತೋರಿಸಿದಳು. ಪಂಚನಾಮೆಗೆ ಅದೂ ಸೇರಿತು. ಯಂತ್ರದ ದಾಖಲೆಯ ಪ್ರಕಾರ ಅದು ಆರಿ ಮತ್ತೆ ಎದ್ದದ್ದು ಸೋಮವಾರ ಮಧ್ಯಾಹ್ನ ಎರಡಕ್ಕೆ. ಆಗ ಅಕ್ಕ ಆಪರೇಷನ್ ಮೇಜಿನ ಮೇಲಿದ್ದಳು. ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಯಜಮಾನಿ ಆಸ್ಪತ್ರೆ ಬಿಟ್ಟು ಕದಲಿರಲಿಲ್ಲ. ಟೀ ತರುತ್ತೇನೆಂದು ಹೋದ ತಮ್ಮ ಬರಿಗೈಯಲ್ಲಿ ವಾಪಸು ಬಂದದ್ದು ಅವರಿಗೆ ನೆನಪಿತ್ತು.

"ನೀವೇ ಕಿತ್ತಿದ್ದಾ?"

"ಹೂಂ ಸಾರ್."

"ಯಾಕೆ?"

ಓದು ಮುಗಿದ ಮೇಲೂ ಮೈಕು ಆನ್ ಇತ್ತಂತೆ. ಅಕ್ಕ ಕುರ್ಚಿಯಿಂದ ಏಳುತ್ತ ಅವನಿಗೆಂದೇ ಒಂದು ಮಾತು ಹೇಳಿದ್ದಳು.

"'ಹೋಗ್ತೀನಿ ಕಣೋ' ಅಂದ್ಲು ಸಾರ್. ಪಕ್ಕದ ಅಂಗಡಿಗೆ ಹೊರಟ್ರೂ 'ಬರ್ತೀನಿ' ಅಂತಾನೇ ಹೇಳೋಳು. ಆ ಮಾತು ಅಲ್ಲಿರೋವರೆಗೂ ಅವಳು ಮೇಜಿಂದ ಏಳಲ್ಲ ಅನ್ನಿಸ್ತು."

"ಅದೊಂದನ್ನೇ ಅಳಿಸಬಹುದಿತ್ತಲ್ಲ?"

"ಅಳಿಸೋಕೆ ಇನ್ನೊಂದ್ಸಲ ಕೇಳಬೇಕಿತ್ತು."

ಇನ್‌ಸ್ಪೆಕ್ಟರ್ ಬಂಧನದ ಕಾಗದಕ್ಕೆ ಸಹಿ ಹಾಕಿದರು.

ಬುಧವಾರ ನ್ಯಾಯಾಲಯಕ್ಕೆ ಹೋಗುವ ದಾರಿಯಲ್ಲಿ ಜೀಪು ಆಸ್ಪತ್ರೆಯ ಮುಂದೆ ನಿಂತಿತು. ಅಕ್ಕನ ಕತ್ತಿಗೆ ಬ್ಯಾಂಡೇಜ್. ಯಜಮಾನಿ ಅವಳಿಗೆ ಎಲ್ಲವನ್ನೂ ಹೇಳಿದ್ದರು. ಅವಳು ತಮ್ಮನನ್ನು ಬಹಳ ಹೊತ್ತು ದುರುಗುಟ್ಟಿ ನೋಡಿದಳು, ಕಿವಿ ಹಿಂಡಿದಳು, ಆಮೇಲೆ ಆ ಕೈಯನ್ನು ಅವನ ಕೆನ್ನೆಯ ಮೇಲೇ ಬಿಟ್ಟಳು. ಅವನು ಹೊರಡುವಾಗ ಅವಳ ತುಟಿ ಅಲ್ಲಾಡಿತು. ದನಿ ಇರಲಿಲ್ಲ; ಬಾಗಿಲಲ್ಲಿದ್ದ ಹೆಡ್ ಕಾನ್‌ಸ್ಟೆಬಲ್‌ಗೂ ಅರ್ಥವಾಯಿತು.

ಹೋಗಿ ಬಾ, ಎಂದಿದ್ದಳು.